ಹಸಿರು ಡಬ್ಬಿ ಬಂದ ಮೇಲೆ ಕೆಮ್ಮಬಾರದು

ಶುಚಿಯಾದ ನೆಲಕ್ಕೆ ವಾಸನೆ ಇರುವುದಿಲ್ಲ. ತರಗತಿಯ ಬಾಗಿಲಲ್ಲೇ ಮೂಗಿಗೆ ಘಮ್ಮೆಂದು ಬಡಿಯುವುದು ಶುಚಿತ್ವವಲ್ಲ, ಫಿನಾಯಿಲು. ಇಷ್ಟು ನಮಗೆಲ್ಲ ಗೊತ್ತಿರಬೇಕಿತ್ತು. ಗೊತ್ತಿಲ್ಲದ್ದರಿಂದಲೇ ಕೆಮ್ಮಕ್ಕನ ಕಥೆ ಹೇಳಬೇಕಾಗಿದೆ.

ಆ ಹೆಸರು ಶಾಲೆಯ ಮಕ್ಕಳು ಇಟ್ಟದ್ದು. ಕಾರಿಡಾರಿನ ತುದಿಯಲ್ಲಿ ಮೊದಲು ಕೆಮ್ಮು, ಹಿಂದೆಯೇ ಬಕೆಟ್ಟಿನ ಕಿರುಗುಟ್ಟುವಿಕೆ, ಆಮೇಲೆ ಅವಳು. ವರ್ಷಗಟ್ಟಲೆ ಶಾಲೆಯ ನೆಲ ಒರೆಸಿ ಸಂಪಾದಿಸಿದ್ದು ಸವೆದ ಮಂಡಿ ಮತ್ತು ಆ ಕೆಮ್ಮು. ಆದರೂ ಜಂಬಕ್ಕೇನೂ ಕಮ್ಮಿಯಿರಲಿಲ್ಲ. ಮನೆಯಲ್ಲಿ ಸೊಸೆ ಬರೀ ನೀರಲ್ಲಿ ಒರೆಸಿದರೆ ಮೂತಿ ತಿರುವುತ್ತಿದ್ದಳು.

"ಇದೇನೇ ಒರೆಸಿದ್ದು? ಮೂಗಿಗೇ ಗೊತ್ತಾಗ್ತಿಲ್ಲ."

"ನಿಮ್ಮ ಮೂಗು ಯಾವತ್ತೋ ಶಾಲೆಗೆ ಮಾರಿಹೋಗಿದೆ ಬಿಡಿ ಅತ್ತೆ."

ಶಾಲೆಯ ಫಿನಾಯಿಲಿನ ಹಳೆಯ ನೀಲಿ ಡಬ್ಬಿಯ ಬೆನ್ನಿಗೆ ಕೆಂಪಕ್ಷರದ ಒಂದು ಸಾಲಿತ್ತು: ಒರೆಸಿದ ಮೇಲೆ ಕಿಟಕಿ ತೆರೆದಿಡಿ, ಅರ್ಧ ಗಂಟೆ ಯಾರೂ ಒಳಗಿರಬಾರದು. ಹೆಡ್‌ಮಾಸ್ಟರಿಗೆ ಅಚ್ಚಾದ ಅಕ್ಷರವೆಂದರೆ ಭಯ. ಹಾಗಾಗಿ ಆ ಅರ್ಧ ಗಂಟೆ ಮಕ್ಕಳು ಅಂಗಳದಲ್ಲಿ, ಕೆಮ್ಮಕ್ಕ ಮೆಟ್ಟಿಲ ಮೇಲೆ. ದಿನಕ್ಕೆ ಅವಳ ಎದೆಗೆ ದಕ್ಕುತ್ತಿದ್ದ ಒಳ್ಳೆಯ ಗಾಳಿ ಅಷ್ಟೇ.

ಆಗ ಸರ್ಕಾರಕ್ಕೆ ಮಕ್ಕಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಶಾಲೆಗಳಿಗೆ ಹಸಿರು ಶುಚಿತ್ವದ ನೀತಿ ಬೇಕೆಂದು ಸಮಿತಿ ಮಾಡಿ, ಅದರಲ್ಲಿ ಡಬ್ಬಿ ತಯಾರಿಸುವ ಕಂಪನಿಯವರನ್ನೇ ಕೂರಿಸಿತು. ಕುರಿದೊಡ್ಡಿಯ ಬೇಲಿ ಎಷ್ಟೆತ್ತರ ಇರಬೇಕೆಂದು ತೋಳನಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೆಲಸಗಾರರ ಕಡೆಯಿಂದಲೂ ಒಬ್ಬರಿರಲಿ ಎಂದು ಕೆಮ್ಮಕ್ಕನನ್ನು ಕರೆಸಿದರು. ಜೀವಮಾನದಲ್ಲಿ ಮೊದಲ ಸಲ ಮೆತ್ತನೆಯ ಕುರ್ಚಿ. ಟೈ ಕಟ್ಟಿದ ಕಂಪನಿ ಸಾಹೇಬ ಹೊಸ ಡಬ್ಬಿಯ ಮುಚ್ಚಳ ತೆಗೆದು ಅವಳ ಮೂಗಿಗೇ ಹಿಡಿದ.

"ಹೇಗಿದೆ ಅಮ್ಮಾ ವಾಸನೆ?"

"ಘಮ್ಮಂತಿದೆ ಸ್ವಾಮಿ. ಹೂದೋಟ ಹೊಕ್ಕ ಹಾಗಿದೆ."

ಚಪ್ಪಾಳೆ. ಫೋಟೋ. ಕೆಲಸಗಾರರ ಒಪ್ಪಿಗೆ ಸಿಕ್ಕಿಯೇಬಿಟ್ಟಿತು. ಕೆಮ್ಮಿನ ಬಗ್ಗೆ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವಳನ್ನು ಬಾಗಿಲವರೆಗೆ ಬಿಟ್ಟುಬಂದರು.

ಬಂದ ಹೊಸ ಡಬ್ಬಿ ಹಸಿರು, ಮೇಲೊಂದು ಎಲೆ. ಒಳಗಿನ ಸರಕು ಹಳೆಯದೇ ಎಂದು ಮೊದಲು ಕಂಡುಹಿಡಿದದ್ದು ಅವಳ ಎದೆ. ಬೆನ್ನಿಗೆ ಎಚ್ಚರಿಕೆಯ ಸಾಲಿರುವ ಸರಕಿಗೆ ಹಸಿರು ಮುದ್ರೆ ಇಲ್ಲವೆಂದು ನೀತಿ ಹೇಳುತ್ತಿತ್ತು. ಸರಕು ಬದಲಿಸಬೇಕೆಂದರೆ ದುಡ್ಡು ಸುರಿಯಬೇಕು, ಸಾಲು ಅಳಿಸುವುದಕ್ಕೇನು? ಕಂಪನಿ ಕೆಂಪು ಸಾಲನ್ನು ಅಳಿಸಿತು, ಸಮಿತಿ ಬೆನ್ನು ತಟ್ಟಿತು.

ಮೊದಲ ದಿನ ಒರೆಸುಬಟ್ಟೆ ಹಿಂಡುವ ಮುಂಚೆಯೇ ಗಂಟೆ ಹೊಡೆದು ಮಕ್ಕಳು ಒಳನುಗ್ಗಿದರು.

"ಸಾರ್, ಅರ್ಧ ಗಂಟೆ?"

"ಇದು ಹಸಿರು ಕಣಮ್ಮ. ಕಾಯೋದೇನೂ ಬೇಡ," ಎಂದರು ಹೆಡ್‌ಮಾಸ್ಟರು.

"ಮತ್ತೆ ನನ್ನ ಕೆಮ್ಮು?"

"ಅದು ನಿಮ್ಮ ಮನೇದಿರಬೇಕು. ಇದರಿಂದ ಬರೋ ಹಾಗೇ ಇಲ್ಲ. ನೀವೇ ಒಪ್ಪಿದ್ದೀರಲ್ಲ, ನೋಡಿ!" ಗೋಡೆಯ ಪೋಸ್ಟರಿನಲ್ಲಿ ಕೆಮ್ಮಕ್ಕ ಡಬ್ಬಿ ಹಿಡಿದು ಹಲ್ಲು ಕಿರಿಯುತ್ತಿದ್ದಳು.

ಅವಳು ನುಂಗಿಕೊಂಡಳು. ತನ್ನ ಎದೆ ತಾನೆ, ಹೋಗಲಿ. ಆದರೆ ಒಂದು ಬೆಳಿಗ್ಗೆ, ಒರೆಸಿದ ನೆಲ ಇನ್ನೂ ಹಸಿಯಿರುವಾಗ, ಒಂದನೇ ಕ್ಲಾಸಿನ ಮುಂದಿನ ಬೆಂಚಿನ ಪುಟ್ಟಿಯೊಬ್ಬಳು ಕೆಮ್ಮಿದಳು. ಬಿಟ್ಟುಬಿಟ್ಟು, ಕೊನೆಗೆ ಸುಂಯ್ ಎಂದು ಉಸಿರೆಳೆದು. ಥೇಟ್ ಅವಳದೇ ಕೆಮ್ಮು.

"ಮರಿ ಕೆಮ್ಮಕ್ಕ!" ಮಕ್ಕಳು ಬಿದ್ದುಬಿದ್ದು ನಕ್ಕರು. ಕೆಮ್ಮಕ್ಕನಿಗೆ ನಗು ಬರಲಿಲ್ಲ.

ಮರುದಿನ ಒರೆಸಿ, ಕಿಟಕಿಗಳನ್ನೆಲ್ಲ ತೆರೆದು, ಹೊರಗಿನಿಂದ ಬಾಗಿಲೆಳೆದು, ಒರೆಸುಕೋಲನ್ನು ಅಡ್ಡ ಹಿಡಿದು ಹೊಸ್ತಿಲಲ್ಲಿ ಕೂತಳು.

"ಏನಮ್ಮಾ ಇದು?"

"ಘಮ ಇಳೀಲಿ ಸಾರ್."

"ಪೋಸ್ಟರಲ್ಲಿ ನಗ್ತಾ ಇದ್ದೀರಿ, ಇಲ್ಲಿ ಹೀಗಾ?"

"ಅವಳು ಕೆಮ್ಮಲ್ಲ ಸಾರ್. ನಾಳೆಯಿಂದ ಅವಳ ಕೈಲೇ ಒರೆಸಿಕೊಳ್ಳಿ."

ಹಸಿರು ನೀತಿಯನ್ನು ವಿರೋಧಿಸಿದ ತಪ್ಪಿಗೆ ಶಿಕ್ಷೆಯಾಯಿತು: ಇನ್ನು ಮರಗಳ ಕೆಳಗೆ ಕಸ ಗುಡಿಸಬೇಕು, ತರಗತಿಗೆ ಕಾಲಿಡುವಂತಿಲ್ಲ. ಬಯಲ ಗಾಳಿಗೆ ಅವಳ ಕೆಮ್ಮು ಅರ್ಧ ಇಳಿದಿದೆ. ಮರಿ ಕೆಮ್ಮು ಮಾತ್ರ ಮುಚ್ಚಿದ ಕಿಟಕಿ ದಾಟಿ ಅಂಗಳಕ್ಕೂ ಕೇಳುತ್ತದೆ. ಕೇಳಿದಾಗಲೆಲ್ಲ ಅವಳ ಪೊರಕೆ ನಿಲ್ಲುತ್ತದೆ.

ಅವಳನ್ನು ಬಾಗಿಲಿಂದ ಎಬ್ಬಿಸಿದ್ದಾಯಿತು. ನಿಮ್ಮನ್ನು ಎಬ್ಬಿಸುವುದು ಅಷ್ಟು ಸುಲಭವಲ್ಲ. ಬೆಂಚಿನ ಮೇಲಿರುವುದು ನಿಮ್ಮ ಮಗು. ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ. ಎಲೆಯನ್ನು ನೋಡಬೇಡಿ, ಡಬ್ಬಿ ತಿರುಗಿಸಿ ಬೆನ್ನು ನೋಡಿ. ಮೂಗಿಗೆ ಘಮ್ಮೆನ್ನುತ್ತಿದ್ದೂ ಬೆನ್ನು ಬೋಳಾಗಿದ್ದರೆ, ಕಿಟಕಿ ತೆರೆಸಿ, ಹೊಸ್ತಿಲಲ್ಲಿ ಕೂತುಬಿಡಿ. ಅರ್ಧ ಗಂಟೆ ಏಳಬೇಡಿ.