ಮೇಲಿನ ಸಾಲಿನ ಶ್ರೀ

ಗೋಕುಲ ರಸ್ತೆಯ ನಮ್ಮ ಶೆಡ್ಡಿನಲ್ಲಿ ವಿದ್ಯುತ್ ಮೀಟರುಗಳಿಗೆ ತಗಡಿನ ಪೆಟ್ಟಿಗೆ ಮಾಡುತ್ತಿದ್ದೆವು. ಕೊಳ್ಳುವುದು ಸರಕಾರಿ ಕಚೇರಿಯೊಂದೇ. ಅಣ್ಣ ಯಂತ್ರಗಳನ್ನು ನೋಡಿಕೊಂಡರೆ, ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಟೆಂಡರಿನ ಕಾಗದ ನೋಡಿಕೊಳ್ಳುತ್ತಿದ್ದೆ. ತೊಂಬತ್ತರ ದಶಕದುದ್ದಕ್ಕೂ ಹಾಳೆಯ ನೆತ್ತಿಯಲ್ಲಿ ‘ಶ್ರೀ’ ಬರೆದು, ಕೆಳಗೆ ವಿವರ ತುಂಬಿ, ಲಕೋಟೆಗೆ ಅರಗಿನ ಮುದ್ರೆ ಒತ್ತಿ ಕಚೇರಿಯ ಡಬ್ಬಿಗೆ ಹಾಕಿ ಬಂದವನು ನಾನೇ. ಶ್ರೀ ಇಲ್ಲದೆ ನಮ್ಮಲ್ಲಿ ಕಿರಾಣಿ ಚೀಟಿ ಕೂಡ ಬರೆಯುವುದಿಲ್ಲ.

ಎರಡು ಸಾವಿರದ ಈಚೆ ಡಬ್ಬಿ ಹೋಗಿ ಕಂಪ್ಯೂಟರು ಬಂತು. ಕಚೇರಿಯವರೇ ಕೊಟ್ಟ ಖಾಲಿ ನಮೂನೆಯನ್ನು ತುಂಬಿ ಇಂಟರ್ನೆಟ್ಟಿನಲ್ಲಿ ವಾಪಸು ಕಳಿಸಬೇಕು. ಅತ್ತ ಅದನ್ನು ಓದುವುದು ಯಂತ್ರ. ಹಾಗಾಗಿ ಎಲ್ಲ ಕಂಪನಿಗಳ ನಮೂನೆಯೂ ಒಂದೇ ಅಚ್ಚಿನಲ್ಲಿರಬೇಕು. ಬಿ.ಕಾಂ. ಓದಿದ್ದ ವೈನಿ, ಅಣ್ಣನ ಹೆಂಡತಿ, ಬೇಗ ಕಲಿತರು. ನನಗೆ ಚಹಾ ತರುವ ಕೆಲಸ ಉಳಿಯಿತು.

ಒಂದು ವರ್ಷ, ಕೊನೆಯ ದಿನದ ಹಿಂದಿನ ಸಂಜೆ, ವೈನಿ ಎಲ್ಲ ತುಂಬಿಟ್ಟು ಮನೆಗೆ ಹೋದರು. ಪರದೆಯ ಮೇಲೆ ನೋಡಿದೆ, ನೆತ್ತಿಯಲ್ಲಿ ಶ್ರೀ ಇರಲಿಲ್ಲ. ಮೇಲೊಂದು ಸಾಲು ಸೇರಿಸಿ, ಅಕ್ಷರ ಹುಡುಕಿ ಒತ್ತಿ, ಬರೆದಿಟ್ಟೆ.

ಮರುದಿನ ಮುಂಜಾನೆ ಕಳಿಸಿದ ನಮೂನೆ ತಿರುಗಿ ಬಂತು. ತಾವೇ ತುಂಬಿದ್ದೆಂದು ವೈನಿ ತೆರೆದು ನೋಡದೆ ಮತ್ತೆ ಕಳಿಸಿದರು. ಎರಡನೆಯ ಸಲವೂ ಬಂತು.

“ನಮೂನಿ ಬದಲಾಗೇತಿ ಅಂತ ತೋರಸಾಕತ್ತೇತಿ. ನಾ ಏನೂ ಬದಲ್ ಮಾಡಿಲ್ರಿ,” ಎಂದರು ವೈನಿ.

ಅಣ್ಣ ಕೆಲಸಗಾರರ ಎದುರೇ ಅಂದ: “ಬಿ.ಕಾಂ. ಕಲ್ತು ಏನ್ ಬಂತು? ನನ್ನ ತಮ್ಮ ಏಳನೇತ್ತಾ. ಅವನ ಲಕೋಟಿ ಒಂದರ ತಿರುಗಿ ಬಂದಿತ್ತೇನು?”

ವೈನಿ ಎದ್ದು ಗೋಪನಕೊಪ್ಪದ ನಮ್ಮ ಮನೆಗೆ ಹೊರಟುಹೋದರು. ನಮೂನೆ ಬದಲಿಸಿದವನು ಯಾರೆಂದು ನನಗೆ ಗೊತ್ತಿತ್ತು. ಆದರೆ ಎಷ್ಟೋ ದಿನಗಳ ಮೇಲೆ ಅಣ್ಣನ ಬಾಯಿಂದ ಹೊಗಳಿಕೆ ಕೇಳಿದ್ದೆ. ಸುಮ್ಮನಿದ್ದೆ. ಇವತ್ತಿಗೂ ಚುಚ್ಚುವುದು ಆ ಸಾಲಲ್ಲ, ಆ ಸುಮ್ಮನಿದ್ದದ್ದು.

ಗಡುವು ಸಂಜೆ ಐದಕ್ಕೆ. ಆ ಆರ್ಡರು ತಪ್ಪಿದರೆ ಶೆಡ್ಡಿನ ಆರು ಮಂದಿಗೂ ಕೆಲಸವಿಲ್ಲ. ಮೂರಕ್ಕೆ ಅವರು ಊಟದ ಡಬ್ಬಿ ತೊಳೆದಿಟ್ಟು ತಗಡು ಒತ್ತುವ ಪ್ರೆಸ್ಸಿಗೆ ಎಣ್ಣೆ ಹಾಕತೊಡಗಿದಾಗ ನನಗೆ ಕೂರಲಾಗಲಿಲ್ಲ. ಸ್ಕೂಟರು ಹತ್ತಿದೆ.

ವೈನಿ ಮೆಂತೆ ಪಲ್ಲೆ ಸೋಸುತ್ತಿದ್ದರು.

“ವೈನಿ, ಮ್ಯಾಲೊಂದು ಸಾಲು ನಾ ಹಾಕೇನಿ. ಶ್ರೀ ಬರದೇನಿ.”

ಅವರು ತಲೆ ಎತ್ತಿದರು. “ಮುಂಜಾನೆ ಯಾಕ ಹೇಳಲಿಲ್ಲ?”

“ಅಣ್ಣ ನನ್ನ ಹೊಗಳಾಕತ್ತಿದ್ದ.”

ಕೈ ಒರೆಸಿಕೊಂಡು ಸ್ಕೂಟರಿನ ಹಿಂದೆ ಕೂತರು. ದಾರಿಯಲ್ಲಿ, “ಗಣಪತಿ ಚಿತ್ರಾ ಒಂದು ಅಂಟಸಲಿಲ್ಲಲ್ಲ, ಪುಣ್ಯಾ,” ಎಂದರು.

ಸಾಲು ಅಳಿಸಿ ಕಳಿಸಿದ ನಮೂನೆ ಐದಕ್ಕೆ ಮುಂಚೆ ಒಪ್ಪಿಗೆಯಾಯಿತು. ಅಷ್ಟರಲ್ಲಿ ಅದೇ ಆರು ಮಂದಿಯ ಎದುರು ಅಣ್ಣನಿಗೆ ಎಲ್ಲ ಹೇಳಿದ್ದೆ. ಅವನು ನನ್ನನ್ನು ಬೈಯಲಿಲ್ಲ. ವೈನಿಯ ಕಡೆ ತಿರುಗಿ, “ನಂದ ತಪ್ಪಾತು,” ಎಂದು ಎಲ್ಲರಿಗೂ ಕೇಳುವಂತೆ ಅಂದ.

ಟೆಂಡರು ಮುಟ್ಟಿದ ರಸೀದಿಯನ್ನು ವೈನಿ ಪ್ರಿಂಟು ತೆಗೆದು ಪೆನ್ನಿನ ಜೊತೆ ನನ್ನ ಮುಂದಿಟ್ಟರು.

“ಇದನ್ನ ಯಾವ ಮಶೀನೂ ಓದಂಗಿಲ್ಲ. ಬರೀರಿ.”

ನೆತ್ತಿಯಲ್ಲಿ ಬರೆದೆ.