ಅವ್ವ ಬೆಂಚು ಬಿಟ್ಟು ಏಳದ ಭಾನುವಾರಗಳು

ನಮ್ಮವ್ವನ ವಿಷಯ ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ. ಬಂದರೆ ಬರಲಿ.

ಎಪ್ಪತ್ತರ ದಶಕದ ಕೊನೆಯಲ್ಲಿ ಬಡವನಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಹತ್ತೋ ಹನ್ನೊಂದೋ ಇದ್ದವು. ಶುಕ್ರವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಕಣ್ಣು ಮುಚ್ಚಿದ ಮೇಲೆ ನಮ್ಮವರ ಬಾಯಿಗೆ ತಡೆಯೇ ಇರುತ್ತಿರಲಿಲ್ಲ. ಹಾಗೆಯೇ ಒಂದು ಶುಕ್ರವಾರ ಅವ್ವ, ಎದುರುಮನೆಯ ಚಿಕ್ಕಮ್ಮನ ಗಂಡ ಕುಡಿತ ಬಿಡಲಿ ಎಂದು ಕಣ್ಣೀರಿಡುತ್ತಾ ಗಟ್ಟಿಯಾಗಿ ಪ್ರಾರ್ಥಿಸಿದಳು. ಆ ಸಂಗತಿಯನ್ನು ಚಿಕ್ಕಮ್ಮ ಅವ್ವನೊಬ್ಬಳಿಗೇ ನಂಬಿ ಹೇಳಿಕೊಂಡಿದ್ದರು. ಆಮೆನ್ ಅನ್ನುವುದರೊಳಗೆ ಅವರು ಎದ್ದು ನಿಂತಿದ್ದರು.

"ದೇವ್ರಿಗೇಳ್ದ್ಯಾ ಅಕ್ಕ, ಊರಿಗೇಳ್ದ್ಯಾ?"

ಅಷ್ಟು ಕೇಳಿ ಹೋದವರು ಆಮೇಲೆ ಕೂಟಕ್ಕೂ ಬರಲಿಲ್ಲ, ಚರ್ಚಿಗೂ ಬರಲಿಲ್ಲ.

ಅವ್ವ ಮರುದಿನವೇ ಅವರ ಬಾಗಿಲಿಗೆ ಹೋಗಿ "ತೆಪ್ಪಾಯ್ತು ಕಣಮ್ಮ" ಎಂದಳು. ಬಾಗಿಲು ತೆರೆಯಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಹೋಗಿ ಅವರ ಜಗುಲಿಯ ಮೇಲೆ ಒಂದಿಷ್ಟು ಹೊತ್ತು ಕೂತು ಬರುತ್ತಿದ್ದಳು.

ತಿಂಗಳ ಮೊದಲ ಭಾನುವಾರ ಮಧುಗಿರಿಯಿಂದ ಪಾದ್ರಿಗಳು ಬಸ್ಸಿನಲ್ಲಿ ಬಂದು ಪ್ರಭುಭೋಜನ ಕೊಡುತ್ತಿದ್ದರು. ಮನಸ್ತಾಪ ಇಟ್ಟುಕೊಂಡವರು ಆ ರೊಟ್ಟಿ, ದ್ರಾಕ್ಷಾರಸ ಮುಟ್ಟಬಾರದು ಎನ್ನುವುದು ಪದ್ಧತಿ. ಮುಟ್ಟುವವರು ಮುಟ್ಟುತ್ತಲೇ ಇದ್ದರು ಅನ್ನಿ. ಅವ್ವ ಮಾತ್ರ ಎಲ್ಲರೂ ಎದ್ದು ಮುಂದೆ ಹೋದಾಗ ಬೆಂಚಿನಲ್ಲಿ ಒಬ್ಬಳೇ ಕೂತಿರುತ್ತಿದ್ದಳು. ಅಪ್ಪ ತಲೆ ತಗ್ಗಿಸುತ್ತಿದ್ದರು. ಹೈಸ್ಕೂಲು ಹುಡುಗಿ ನಾನು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಬ್ಬರನ್ನೂ ಕೂರಿಸಿ ಪಂಚಾಯ್ತಿ ಮಾಡುತ್ತೇನೆ ಎಂದು ಪಾದ್ರಿಗಳು ಹೇಳಿದರು.

"ಬ್ಯಾಡಿ ಅಯ್ನೋರೆ. ಅವ್ಳ ಮನೆ ಮಾತು ಇನ್ನೊಂದ್ಸಲ ನಾಕು ಜನದ ಬಾಯಿಗೆ ಬೀಳಾದು ಬ್ಯಾಡ. ತೆಪ್ಪು ನಂದು, ನಾನೇ ಕಾಯ್ತೀನಿ" ಎಂದಳು ಅವ್ವ.

ಎಂಟು ತಿಂಗಳು ಕಾದಳು. ಅಷ್ಟು ತಾಳ್ಮೆ ನನಗೆಲ್ಲಿ? ಚಿಕ್ಕಮ್ಮ ಬಾವಿಯ ಹತ್ತಿರ ಒಬ್ಬರೇ ಸಿಕ್ಕಾಗ ಹರಿಹಾಯ್ದೆ. "ನಿಮ್ಮಿಂದ ನಮ್ಮವ್ವ ಎಂಟು ತಿಂಗ್ಳಿಂದ ಪ್ರಭುಭೋಜನ ಮುಟ್ಟಿಲ್ಲ, ಗೊತ್ತಾ?"

ನೀರು ಸೇದುತ್ತಿದ್ದ ಅವರ ಕೈ ನಿಂತಿತು. "ನಂಗ್ಯಾರೂ ಹೇಳ್ನಿಲ್ಲ ಕಣೇ. ನಿಮ್ಮವ್ವಾನೂ ಹೇಳ್ನಿಲ್ಲ" ಎಂದರು.

ಅಷ್ಟು ಶನಿವಾರ ಆ ಜಗುಲಿಯ ಮೇಲೆ ಕೂತಿದ್ದರೂ ಅವ್ವ ಅದೊಂದು ಮಾತನ್ನು ಬಾಯಿಬಿಟ್ಟಿರಲಿಲ್ಲ. ನನ್ನ ಜಂಬವೆಲ್ಲ ಇಲ್ಲೇ ಇರುವುದು.

ಮುಂದಿನ ಪ್ರಭುಭೋಜನದ ದಿನ ಚಿಕ್ಕಮ್ಮ ತಡವಾಗಿ ಬಂದು ಹಿಂದೆ ನಿಂತರು. ಪಾದ್ರಿಗಳು ಕರೆದಾಗ ಸೀದಾ ನಮ್ಮ ಬೆಂಚಿಗೆ ಬಂದು ಅವ್ವನ ಮುಂದೆ ಕೈ ಚಾಚಿದರು.

"ಏಳಕ್ಕ, ಹೋಗಾನ. ನೀನು ಬರ್ದಿದ್ರೆ ನಂಗೂ ಬ್ಯಾಡ."

ಅವ್ವ ಅತ್ತುಬಿಟ್ಟಳು. ಇಬ್ಬರೂ ಪಕ್ಕಪಕ್ಕದಲ್ಲಿ ಮೊಣಕಾಲೂರಿದರು. ಆರಾಧನೆ ಮುಗಿಸಿ ಹೊರಗೆ ಬಂದಾಗ ಚಿಕ್ಕಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು:

"ಮದ್ಯಾನ ಉಣ್ಣಕ್ಕೆ ನಮ್ಮನೆಗೇ ಬಾರಕ್ಕ. ನಮ್ಮನೆಯೋರೂ ಇರ್ತಾರೆ. ಅವ್ರ ತಲೆ ಮ್ಯಾಲೆ ಕೈಯಿಟ್ಟು ಪ್ರಾರ್ಥನೆ ಮಾಡು."