ನಾಯಿಗೆ ಕಡೆದ ಭರಣಿ

ನಮ್ಮವ್ವನ ಕಾನೂನು ಒಂದೇ: ನಾಯಿ ಹೊಸ್ತಿಲು ದಾಟಬಾರದು. ರಾಯಚೂರಿನ ನಮ್ಮ ಮನೆಯ ಕಟ್ಟೆಯ ಮೇಲೇ ಅದು ಮುದಿಯಾಯಿತು. ದಿನಾ ಬೈಯುತ್ತಲೇ ಅವ್ವ ಅದಕ್ಕೊಂದು ಬಿಸಿ ರೊಟ್ಟಿ ಹಾಕುತ್ತಿದ್ದಳು, ಆರಿದ್ದು ನನಗೆ.

ಅದು ಸತ್ತಾಗ ಹೂಳೋಣವೆಂದು, ಅವ್ವನಿಗೆ ಹೇಳಿಯೇ, ಮಾನ್ವಿಯ ಗೆಳೆಯನ ಗದ್ದೆಗೆ ಒಯ್ದೆ. ಕಾಲುವೆಗೆ ನೀರು ಬಿಟ್ಟಿದ್ದರು. ಗುಂಡಿ ತೋಡಿದಷ್ಟೂ ನೀರು. ಕೊನೆಗೆ ದಿಬ್ಬದ ಮೇಲೆ ಸುಟ್ಟು, ಬೂದಿಯನ್ನು ಡಬ್ಬಿಯಲ್ಲಿ ತಂದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ಸತ್ತರೂ ನಾಯಿ ನಾಯಿನೇ. ಒಳಗ ತಂದಿ ಅಂದ್ರ ನಿನ್ನೂ ಹೊರಗ ಹಾಕ್ತೀನಿ ನೋಡು!”

ನನಗೂ ಹಟ ಬಂತು. ಬದುಕಿದ್ದಾಗ ಬಿಡಲಿಲ್ಲ, ಈಗಲಾದರೂ ಅದು ಒಳಗೆ ಬರಲೇಬೇಕು. ತೊಟ್ಟಿಲ ಕಾಲು, ಲಟ್ಟಣಿಗೆ ಕಡೆಯುವುದೇ ನನ್ನ ಕಸುಬು. ದೇವದುರ್ಗದಿಂದ ಬಂದಿದ್ದ ಬೇವಿನ ತುಂಡೊಂದನ್ನು ತಿರುಗುವ ಲೇತ್ ಯಂತ್ರಕ್ಕೆ ಏರಿಸಿದೆ. ಹೊರಮೈ ಸಲೀಸಾಗಿ ಬಂತು. ಒಳಗೆ ಟೊಳ್ಳು ಮಾಡುವಾಗ ಉಳಿ ನಡುಗಿತು. ಹೊಟ್ಟು ಹಾರಿ ಬಾಯೆಲ್ಲ ಕಹಿ. ಅತ್ತುಬಿಟ್ಟೆ, ಚೆನ್ನಾಗಿಯೇ ಅತ್ತುಬಿಟ್ಟೆ. ಆಕಾರ ಮಾತ್ರ, ಬೇಕೆಂದೇ, ವಿಭೂತಿ ಭರಣಿಯದು.

ಬೂದಿ ತುಂಬಿ, ಮುಚ್ಚಳ ಬಿಗಿದು, ದೇವರ ಗೂಡಿನಲ್ಲಿ ಇಟ್ಟೆ. “ಯವ್ವಾ, ನಿನಗಂತ ಹೊಸ ಭರಣಿ ಮಾಡೀನಿ. ಬರೇ ಚಂದಕ್ಕ ಅದ, ತೆಗೀಬ್ಯಾಡ.”

ಅವ್ವ ಹಿಗ್ಗಿ ಹೀರೇಕಾಯಿಯಾದಳು. ಆದರೆ ನಾನು ಬೇಡವೆಂದದ್ದನ್ನು ಆಕೆ ಯಾವತ್ತು ಕೇಳಿದ್ದಾಳೆ?

ಮರುದಿನ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ನೋಡುತ್ತೇನೆ: ಅವ್ವ ಜಳಕ ಮುಗಿಸಿ, ಹಣೆಗೆ ಮೂರು ಬೆರಳಗಲ ನಮ್ಮ ನಾಯಿಯನ್ನು ಬಳಿದುಕೊಂಡಿದ್ದಾಳೆ! ಅಯ್ಯೋ ಶಿವನೇ, ಪೇಸ್ಟ್ ನುಂಗಿಬಿಟ್ಟೆ.

“ಎಲ್ಲಿ ವಿಭೂತಿಲೇ ಇದು? ಹರಳು ಹರಳು ಹತ್ತತದ.”

“ಮಾನ್ವಿದು…” ಎಂದು ಬಾಯಿ ಜಾರಿತು.

ಅವ್ವನ ಬೆರಳು ಹಣೆಯ ಮೇಲೇ ನಿಂತವು. ಇನ್ನು ಲಟ್ಟಣಿಗೆ ಹಾರಿ ಬರುತ್ತದೆಂದು ನಾನು ಬಾಗಿಲತ್ತ ಸರಿದೆ. ಒರೆಸಿಕೊಳ್ಳಲು ಆಕೆ ಸೆರಗು ಎತ್ತಿದಳು. ಖಾಲಿ ಕಟ್ಟೆಯ ಕಡೆ ನೋಡಿದಳು. ಸೆರಗು ಇಳಿಸಿದಳು.

“ಭಾಡ್ಯಾ, ನನಗೇ ಟೋಪಿ ಹಾಕಿದಿ,” ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಕೂತಳು.

ಸಂಜೆ ಪಕ್ಕದ ಮನೆಯಾಕೆ ಬಂದಾಗಲೂ ಹಣೆಯ ಮೇಲೆ ಆ ಬೂದಿ ಹಾಗೇ ಇತ್ತು.

“ವಿಭೂತಿ ಭಾಳ ಚಂದ ಅದರೀ ಯವ್ವಾ, ಯಾವ ಮಠದ್ದು?”

“ಮಠದ್ದಲ್ಲ ಬೇ,” ಅವ್ವ ನನ್ನತ್ತ ತಿರುಗದೆ ಹೇಳಿದಳು, “ನಮ್ಮ ಮನಿದು.”